ಮೂವತ್ತಕ್ಕೆ ಕ್ಯಾಮೆರಾ ಕಲಿತ ದೀನ್ ದಯಾಳರು



ನಮ್ಮ ಎಲ್ಲರ ಮನೆಯಲ್ಲೂ ಫೋಟೋ ಇವೆ. ಗೋಡೆಗೆ ತೂಗು ಹಾಕಿದ್ದು ಇದೆ. ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದು ಇದೆ. ರೇಷನ್ ಕಾರ್ಡಿನ ಮೇಲೆ ಫೋಟೋ ಇದೆ. ಓಟಿನ ಕಾರ್ಡಿನ ಮೇಲೂ ಇದೆ. ಈಗಂತೂ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ದಿನಕ್ಕೆ ಹತ್ತು ಫೋಟೋ ತೆಗೆಯುತ್ತಾರೆ.

ಮನುಷ್ಯರ ಫೋಟೋ ನಮಗೆ ಗೊತ್ತು. ಆದರೆ ಕೋಟೆಯ ಫೋಟೋ, ಗುಡಿಯ ಫೋಟೋ, ಮಸೀದಿಯ ಫೋಟೋ, ಊರ ಬೀದಿಯ ಫೋಟೋ? ಅವನ್ನೂ ಯಾರೋ ತೆಗೆದಿದ್ದಾರೆ. ಕಟ್ಟಡದ ಚಿತ್ರ ತೆಗೆಯುವುದೇ ಒಂದು ದೊಡ್ಡ ವಿದ್ಯೆ. ಆ ವಿದ್ಯೆಯನ್ನು ಸ್ವಂತವಾಗಿ ಕಲಿತು, ದೇಶದಲ್ಲೇ ಹೆಸರಾದ ಒಬ್ಬರ ಕಥೆಯನ್ನು ನಾವು ಈ ಪಾಠದಲ್ಲಿ ಓದೋಣ. ಅವರ ಹೆಸರು ಲಾಲಾ ದೀನ್ ದಯಾಳ್.

ಅವರು ನಮ್ಮ ಊರಿನವರಲ್ಲ. ಆದರೆ ನಮ್ಮ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ದರ್ಬಾರಿನ ಫೋಟೋಗ್ರಾಫರ್ ಆಗಿದ್ದರು. ಹಾಗಾಗಿ ಅವರ ಕಥೆ ನಮಗೂ ಸೇರಿದ್ದು.

ಅಳತೆಯ ಕೆಲಸ

ದೀನ್ ದಯಾಳರು 1844ರಲ್ಲಿ ಹುಟ್ಟಿದರು. ಊರು ಸರ್ಧನಾ. ಅದು ಉತ್ತರ ಭಾರತದ ಮೀರತ್ ಪಟ್ಟಣದ ಹತ್ತಿರ ಇದೆ. ಮನೆಯವರು ಜೈನರು, ಒಡವೆಯ ಕೆಲಸ ಮಾಡುವ ಮನೆತನದವರು.

ಹುಡುಗ ಓದಿನಲ್ಲಿ ಚುರುಕು. ರೂರ್ಕಿ ಎಂಬ ಊರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕಾಲೇಜು ಇತ್ತು. ಅಲ್ಲಿ ಸೇರಿದರು. ರಸ್ತೆ, ಸೇತುವೆ, ಕಟ್ಟಡ ಕಟ್ಟುವ ಲೆಕ್ಕ ಕಲಿತರು. 1866ರಲ್ಲಿ ಇಂದೂರಿನಲ್ಲಿ ನೌಕರಿ ಸಿಕ್ಕಿತು. ಲೋಕೋಪಯೋಗಿ ಇಲಾಖೆಯ ನೌಕರಿ. ಈಗ ನಾವು ಪಿ.ಡಬ್ಲ್ಯೂ.ಡಿ. ಅನ್ನುತ್ತೇವಲ್ಲ, ಅದೇ.

ಅಲ್ಲಿ ಅವರ ಕೆಲಸ ಏನು? ನಕ್ಷೆ ಬರೆಯುವುದು. ಖರ್ಚಿನ ಅಂದಾಜು ಹಾಕುವುದು. ಗೋಡೆ ಎಷ್ಟು ಎತ್ತರ, ಎಷ್ಟು ದಪ್ಪ? ಕಲ್ಲು ಎಷ್ಟು ಬೇಕು? ಗಾರೆ ಎಷ್ಟು ಬೇಕು? ದಿನವೂ ಇದೇ ಲೆಕ್ಕ. ಎಂಟು ವರ್ಷ ಈ ಕೆಲಸ ಮಾಡಿದರು. ಕಟ್ಟಡ ನೋಡಿದ ಕೂಡಲೇ ಅದರ ಅಳತೆ ಕಣ್ಣಿಗೆ ಹೊಳೆಯುವಷ್ಟು ಅಭ್ಯಾಸ ಆಯಿತು.

ಇದು ನಮಗೆ ಹೊಸದಲ್ಲ ನೋಡ್ರಿ. ಹಿಟ್ಟು ನೋಡಿದರೆ ಎಷ್ಟು ರೊಟ್ಟಿ ಆಗುತ್ತವೆ ಅಂತ ನಮ್ಮ ಕಣ್ಣು ಹೇಳುತ್ತದೆ. ಶಹಾಬಾದಿನ ಖಣಿಯಲ್ಲಿ ಕೆಲಸ ಮಾಡಿದ ಅಕ್ಕನಿಗೆ ಪರ್ಸಿ ನೋಡಿದರೆ ಸಾಕು, ಅದು ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗುತ್ತದೆ. ಮಾಡುವ ಕೆಲಸ ಕಣ್ಣಿಗೆ ಪಾಠ ಕಲಿಸುತ್ತದೆ. ದೀನ್ ದಯಾಳರ ಕಣ್ಣಿಗೂ ಹಾಗೆಯೇ ಪಾಠ ಆಯಿತು.

ಮೂವತ್ತನೇ ವಯಸ್ಸಿನಲ್ಲಿ

1874ರಲ್ಲಿ ದೀನ್ ದಯಾಳರು ಮೊದಲ ಬಾರಿಗೆ ಕ್ಯಾಮೆರಾ ಹಿಡಿದರು. ಆಗ ಅವರಿಗೆ ಮೂವತ್ತು ವರ್ಷ. ಕೈಯಲ್ಲಿ ಒಳ್ಳೆಯ ನೌಕರಿ ಇತ್ತು. ಕೂತು ಉಣ್ಣಬಹುದಿತ್ತು. ಆದರೂ ಹೊಸ ವಿದ್ಯೆಗೆ ಕೈ ಹಾಕಿದರು. ಫೋಟೋ ತೆಗೆಯುವುದನ್ನು ಅವರು ಯಾವ ಶಾಲೆಗೂ ಹೋಗಿ ಕಲಿಯಲಿಲ್ಲ. ಮಾಡುತ್ತಾ ಮಾಡುತ್ತಾ ಕಲಿತರು.

ಈ ಮಾತು ಹೇಳಿದಾಗ ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು. "ಅಕ್ಕೋರೆ, ಮೂವತ್ತಾದ ಮ್ಯಾಲ ಅವರಿಗೆ ಬಂತಂದ್ರ, ನಮಗೂ ಬರ್ತದ ಅಲ್ರಿ?" ಪಕ್ಕದಲ್ಲಿ ಕೂತವರು ಹೇಳಿದರು. "ನಿನಗ ಐವತ್ತಾಗ್ಯಾವಲ್ಲ ಯವ್ವಾ!" ಎಲ್ಲರೂ ನಕ್ಕೆವು. ಆದರೆ ಆ ತಾಯಿ ಅಂದು ಹಲಗೆಯ ಮೇಲೆ ತಮ್ಮ ಹೆಸರನ್ನೂ, ಊರಿನ ಹೆಸರನ್ನೂ ಬರೆದೇ ಮನೆಗೆ ಹೋದರು.

ಹೌದು, ಬರುತ್ತದೆ. ವಯಸ್ಸಾದವರು ನಿಧಾನ ಕಲಿಯಬಹುದು. ಆದರೆ ಅವರು ಬರಿಗೈಯಲ್ಲಿ ಬರುವುದಿಲ್ಲ. ತಮ್ಮ ಹಳೆಯ ಕೆಲಸದ ಅನುಭವವನ್ನು ಜೊತೆಗೆ ತರುತ್ತಾರೆ. ದೀನ್ ದಯಾಳರು ತಂದದ್ದು ಅಳತೆಯ ಕಣ್ಣು.

ಆಗಿನ ಕ್ಯಾಮೆರಾ ಹೇಗಿತ್ತು?

ಈಗ ಮೊಬೈಲಿನ ಗುಂಡಿ ಒತ್ತಿದರೆ ಆಯಿತು. ಆಗ ಹಾಗಿರಲಿಲ್ಲ. ಕ್ಯಾಮೆರಾ ಎಂದರೆ ಕಟ್ಟಿಗೆಯ ದೊಡ್ಡ ಪೆಟ್ಟಿಗೆ. ಮುಂದೆ ಗಾಜಿನ ಕಣ್ಣು. ಕೆಳಗೆ ಮೂರು ಕಾಲಿನ ಸ್ಟ್ಯಾಂಡು. ಹಿಂದೆ ಕರಿ ಬಟ್ಟೆ. ಆ ಬಟ್ಟೆಯೊಳಗೆ ತಲೆ ಹಾಕಿ ನೋಡಬೇಕು. ನೋಡಿದರೆ ಗುಡಿ ತಲೆಕೆಳಗಾಗಿ ಕಾಣುತ್ತದೆ! ಶಿಖರ ಕೆಳಗೆ, ಕಟ್ಟೆ ಮೇಲೆ.

ಆಗ ಫಿಲ್ಮ್ ರೀಲು ಇರಲಿಲ್ಲ. ಗಾಜಿನ ತಟ್ಟೆಯ ಮೇಲೆ ಚಿತ್ರ ಹಿಡಿಯುತ್ತಿದ್ದರು. ಆ ಕಾಲದ ಪದ್ಧತಿ ಹೀಗಿತ್ತು:

1. ಗಾಜನ್ನು ಚೆನ್ನಾಗಿ ಒರೆಸಬೇಕು. ಒಂದು ಕಣ ಧೂಳೂ ಇರಬಾರದು.
2. ಅದರ ಮೇಲೆ ಅಂಟಿನಂಥ ದ್ರವವನ್ನು ಸಮನಾಗಿ ಹರಿಸಬೇಕು.
3. ಕತ್ತಲಲ್ಲಿ ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಬೇಕು. ಆಗ ಗಾಜಿಗೆ ಬೆಳಕನ್ನು ಹಿಡಿಯುವ ಗುಣ ಬರುತ್ತದೆ.
4. ಹಸಿ ಇರುವಾಗಲೇ ಕ್ಯಾಮೆರಾದೊಳಗೆ ಇಟ್ಟು ಚಿತ್ರ ತೆಗೆಯಬೇಕು.
5. ಗಾಜು ಒಣಗುವ ಮೊದಲು ಮತ್ತೆ ಕತ್ತಲಿಗೆ ಒಯ್ದು ತೊಳೆಯಬೇಕು.

ಇಷ್ಟೆಲ್ಲ ಕೆಲವೇ ನಿಮಿಷದಲ್ಲಿ ಮುಗಿಯಬೇಕು. ಬಯಲಲ್ಲಿ ಕತ್ತಲು ಎಲ್ಲಿಂದ ತರುವುದು? ಅದಕ್ಕೆ ಕರಿ ಬಟ್ಟೆಯ ಡೇರೆಯನ್ನು ಜೊತೆಗೇ ಒಯ್ಯುತ್ತಿದ್ದರು. ಗಾಜು, ಔಷಧಿ ಸೀಸೆ, ನೀರು, ಡೇರೆ ಎಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಹೋಗಬೇಕಿತ್ತು. ಬೇಸಿಗೆ ಬಿಸಿಲಿನಲ್ಲಿ ಆ ಡೇರೆಯೊಳಗೆ ನಿಲ್ಲುವುದು ಹೇಗಿರಬಹುದು ಅಂತ ನೀವೇ ಲೆಕ್ಕ ಹಾಕಿರಿ. ಸುಮಾರು 1880ರ ನಂತರ ಒಣ ಗಾಜಿನ ತಟ್ಟೆ ಬಳಕೆಗೆ ಬಂತು. ಆಗ ಕೆಲಸ ಸ್ವಲ್ಪ ಹಗುರಾಯಿತು.

ಗಾಜಿನ ಮೇಲೆ ಚಿತ್ರ ಉಲ್ಟಾ ಮೂಡುತ್ತದೆ. ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಕಾಣುತ್ತದೆ. ಅದನ್ನು ಕಾಗದಕ್ಕೆ ಇಳಿಸಬೇಕು. ಆ ಕಾಗದಕ್ಕೆ ಏನು ಹಚ್ಚುತ್ತಿದ್ದರು ಗೊತ್ತೇನ್ರಿ? ಕೋಳಿ ಮೊಟ್ಟೆಯ ಬಿಳಿ ಲೋಳೆ! ಅದರ ಮೇಲೆ ಬೆಳ್ಳಿಯ ಲವಣ ಹಚ್ಚಿ, ಗಾಜಿನ ತಟ್ಟೆಯನ್ನು ಮೇಲಿಟ್ಟು ಬಿಸಿಲಿಗೆ ಇಡುತ್ತಿದ್ದರು. ಬಿಸಿಲೇ ಚಿತ್ರ ಬಿಡಿಸುತ್ತಿತ್ತು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಗಾಜನ್ನೇ ಹೊರಬೇಕು.

ಕಟ್ಟಡದ ಚಿತ್ರ ತೆಗೆಯುವುದು ಹೇಗೆ?

ಕಟ್ಟಡ ನಿಂತಲ್ಲೇ ನಿಂತಿರುತ್ತದೆ. ಅದರ ಚಿತ್ರ ತೆಗೆಯುವುದು ಸುಲಭ ಅಂತ ಅನ್ನಿಸಬಹುದು. ಹಾಗಲ್ಲ. ಮೂರು ಮಾತು ನೆನಪಿಡಬೇಕು.

ಮೊದಲನೆಯದು, ಗೋಡೆ ನೆಟ್ಟಗೆ ಕಾಣಬೇಕು. ಎತ್ತರದ ಕಟ್ಟಡ ನೋಡಲು ನಾವು ತಲೆ ಎತ್ತುತ್ತೇವೆ. ಕ್ಯಾಮೆರಾವನ್ನೂ ಹಾಗೇ ಎತ್ತಿ ಹಿಡಿದರೆ ಚಿತ್ರದಲ್ಲಿ ಗೋಡೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಗೌಂಡಿ ಏನು ಮಾಡುತ್ತಾನೆ? ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುತ್ತಾನೆ. ಫೋಟೋಗ್ರಾಫರನೂ ಹಾಗೆಯೇ ಕ್ಯಾಮೆರಾವನ್ನು ಸಮವಾಗಿ ನಿಲ್ಲಿಸಬೇಕು. ದೂರ ಹೋಗಿ ನಿಲ್ಲಬೇಕು. ಇಲ್ಲವೇ ಎತ್ತರದ ಜಾಗ ಹುಡುಕಬೇಕು.

ಎರಡನೆಯದು, ಬಿಸಿಲು. ನೆತ್ತಿಯ ಬಿಸಿಲಿನಲ್ಲಿ ಕೆತ್ತನೆ ಸರಿಯಾಗಿ ಕಾಣುವುದಿಲ್ಲ. ಮುಂಜಾನೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಆಗ ಪ್ರತಿ ಗೆರೆಯ ಪಕ್ಕದಲ್ಲಿ ಸಣ್ಣ ನೆರಳು ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ಅದಕ್ಕಾಗಿ ಕಾಯಬೇಕು.

ಮೂರನೆಯದು, ಅಳತೆ. ಬರೀ ಗುಡಿಯ ಚಿತ್ರ ನೋಡಿದರೆ ಅದು ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ. ಬಾಗಿಲ ಬಳಿ ಒಬ್ಬ ಮನುಷ್ಯ ನಿಂತಿದ್ದರೆ ತಿಳಿಯುತ್ತದೆ. ಆ ಕಾಲದ ಚಿತ್ರಗಳಲ್ಲಿ ಕಂಬದ ಪಕ್ಕ ಒಬ್ಬರು ನಿಂತಿರುವುದು, ಮೆಟ್ಟಿಲ ಮೇಲೆ ಒಬ್ಬರು ಕೂತಿರುವುದು ಇದಕ್ಕಾಗಿಯೇ.

ನಕ್ಷೆ ಬರೆದ ಕೈಗೆ ಈ ಮೂರೂ ಬೇಗ ಒಲಿದವು. ಇಂಥ ಕಟ್ಟಡವನ್ನು ಎಲ್ಲಿ ನಿಂತು ನೋಡಿದರೆ ಪೂರ್ತಿ ತಿಳಿಯುತ್ತದೆ ಎಂಬುದು ದೀನ್ ದಯಾಳರಿಗೆ ಗೊತ್ತಿತ್ತು.

ಬೆನ್ನು ತಟ್ಟಿದವರು

ಇಂದೂರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಅವರು ದೀನ್ ದಯಾಳರಿಗೆ ಪ್ರೋತ್ಸಾಹ ಕೊಟ್ಟರು. ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿ ಕೂಡ ಬೆನ್ನು ತಟ್ಟಿದರು. 1875-76ರಲ್ಲಿ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದರು. ಆ ಭೇಟಿಯ ಚಿತ್ರ ತೆಗೆಯುವ ಅವಕಾಶ ದೀನ್ ದಯಾಳರಿಗೆ ಸಿಕ್ಕಿತು. ಕ್ಯಾಮೆರಾ ಹಿಡಿದು ಆಗಿನ್ನೂ ಎರಡೇ ವರ್ಷ ಆಗಿತ್ತು.

1882ರಲ್ಲಿ ಇನ್ನೂ ದೊಡ್ಡ ಕೆಲಸ ಬಂತು. ಸರ್ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿ ಮಧ್ಯ ಭಾರತದ ಊರುಗಳನ್ನು ಸುತ್ತಲು ಹೊರಟರು. ದೀನ್ ದಯಾಳರೂ ಜೊತೆಗೆ ಹೋದರು. ದಾರಿಯಲ್ಲಿ ಹಳೆಯ ಕೋಟೆ, ಗುಡಿ, ಅರಮನೆಗಳ ಚಿತ್ರ ತೆಗೆದರು. ಗ್ವಾಲಿಯರಿನ ಕೋಟೆ, ಸಾಂಚಿಯ ಸ್ತೂಪ ಇವೆಲ್ಲ ಅವರ ಗಾಜಿನ ಮೇಲೆ ಮೂಡಿದವು. ಆ ಚಿತ್ರಗಳು 1886ರಲ್ಲಿ ಪುಸ್ತಕವಾಗಿ ಬಂದವು. ಮಧ್ಯ ಭಾರತದ ಪ್ರಸಿದ್ಧ ಸ್ಮಾರಕಗಳ ಪುಸ್ತಕ ಅದು.

ಸ್ತೂಪ ಎಂದರೆ ಬೌದ್ಧರು ಪೂಜಿಸುವ ಗುಮ್ಮಟದಂಥ ಕಟ್ಟಡ. ಸಾಂಚಿಯ ಸ್ತೂಪವನ್ನು ಮೊದಲು ಕಟ್ಟಿಸಿದವನು ಅಶೋಕ ಚಕ್ರವರ್ತಿ. ನಮ್ಮ ಚಿತ್ತಾಪುರ ಸೀಮೆಯ ಸನ್ನತಿಯಲ್ಲೂ ಬೌದ್ಧರ ಸ್ತೂಪದ ಅವಶೇಷ ಸಿಕ್ಕಿದೆ. ಅಶೋಕನ ಶಾಸನವೂ ಸಿಕ್ಕಿದೆ. ಎರಡೂ ಊರು ದೂರ ದೂರ. ಆದರೆ ಕಲ್ಲುಗಳು ಹೇಳುವ ಕಥೆ ಒಂದೇ ಕಾಲಕ್ಕೆ ಮುಟ್ಟುತ್ತದೆ.

ನಮ್ಮ ಸೀಮೆಯ ಹಾದಿಯಲ್ಲಿ

ಆಮೇಲೆ ದೀನ್ ದಯಾಳರು ಸರ್ಕಾರಿ ನೌಕರಿ ಬಿಟ್ಟರು. ಫೋಟೋ ಕೆಲಸವನ್ನೇ ಜೀವನ ಮಾಡಿಕೊಂಡರು. 1885ರಲ್ಲಿ ಅವರು ವೈಸರಾಯರ ಫೋಟೋಗ್ರಾಫರ್ ಆಗಿ ನೇಮಕವಾದರು. ಅದೇ ದಶಕದಲ್ಲಿ ಹೈದರಾಬಾದಿನ ಕಡೆ ಬಂದು, ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟರು. ಆರನೇ ನಿಜಾಮ ಮಹಬೂಬ್ ಅಲಿ ಖಾನರು ಅವರನ್ನು ದರ್ಬಾರಿನ ಫೋಟೋಗ್ರಾಫರ್ ಮಾಡಿಕೊಂಡರು. ಮುಂದೆ 'ರಾಜಾ ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ಬರೆಯುವವನು.

ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲವೂ ನಿಜಾಮರ ಆಳ್ವಿಕೆಯಲ್ಲಿ ಇದ್ದವು. 1948ರವರೆಗೆ ಹಾಗೇ ಇತ್ತು. 1956ರಲ್ಲಿ ನಮ್ಮ ಸೀಮೆ ಕನ್ನಡ ನಾಡಿಗೆ ಸೇರಿತು.

ಇನ್ನೊಂದು ಮಾತು ಕೇಳಿರಿ. ದೀನ್ ದಯಾಳರು ಕ್ಯಾಮೆರಾ ಹಿಡಿದ 1874ನೇ ಇಸವಿಯಲ್ಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಈ ಸ್ಟೇಷನ್ನುಗಳ ಹೆಸರು ನಮಗೆ ಬಾಯಿಪಾಠ. 1896ರಲ್ಲಿ ದೀನ್ ದಯಾಳರು ಮುಂಬಯಿಯಲ್ಲೂ ಸ್ಟುಡಿಯೋ ತೆರೆದರು. ಆ ಕಾಲದಲ್ಲಿ ಹೈದರಾಬಾದಿನಿಂದ ಮುಂಬಯಿಗೆ ರೈಲು ಹೋಗುತ್ತಿದ್ದುದು ಇದೇ ವಾಡಿ, ಶಹಾಬಾದದ ಮೇಲೆ.

ಹೈದರಾಬಾದ್ ಶಹರದ ಚಿತ್ರಗಳನ್ನು ಅವರು ಬಹಳ ತೆಗೆದರು. ಚಾರ್ಮಿನಾರ್, ಅದರ ಮುಂದಿನ ಬೀದಿ, ಫಲಕ್‌ನುಮಾ ಅರಮನೆ, ಬಶೀರ್ ಬಾಗ್ ಅರಮನೆ. ಅರಮನೆಯ ಹೊರಗಿನ ಚಿತ್ರ ಅಷ್ಟೇ ಅಲ್ಲ, ಒಳಗಿನ ಕೋಣೆಗಳ ಚಿತ್ರವೂ ಇವೆ.

ಅವರು ತೀರಿಕೊಂಡ ಮೂರು ವರ್ಷಕ್ಕೆ, 1908ರ ಸೆಪ್ಟೆಂಬರಿನಲ್ಲಿ, ಮೂಸಿ ನದಿಗೆ ಭಾರಿ ಪ್ರವಾಹ ಬಂತು. ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮನೆಗಳು ಕೊಚ್ಚಿ ಹೋದವು. ಆಮೇಲೆ ಶಹರದ ರೂಪವೇ ಬದಲಾಯಿತು. ಪ್ರವಾಹದ ಮುಂಚಿನ ಹೈದರಾಬಾದನ್ನು ನೋಡಬೇಕೆಂದರೆ ಇಂಥ ಚಿತ್ರಗಳನ್ನೇ ನೋಡಬೇಕು. ಬಶೀರ್ ಬಾಗ್ ಅರಮನೆಯನ್ನು ಮುಂದೆ ಕೆಡವಿದರು. ಅರಮನೆ ಇಲ್ಲ, ಅದರ ಚಿತ್ರ ಇದೆ.

ಎತ್ತರದ ಗೋಡೆಯ ಒಳಗೆ

1892ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಒಂದು ಹೊಸ ಸ್ಟುಡಿಯೋ ತೆರೆದರು. ಅದು ಹೆಂಗಸರಿಗೆ ಮಾತ್ರ. ಅದಕ್ಕೆ ಜನಾನಾ ಸ್ಟುಡಿಯೋ ಎನ್ನುತ್ತಿದ್ದರು.

ಆಗ ದೊಡ್ಡ ಮನೆತನದ ಹೆಂಗಸರು ಪರದೆಯಲ್ಲಿ ಇರುತ್ತಿದ್ದರು. ಪರ ಗಂಡಸರ ಮುಂದೆ ಬರುವಂತಿರಲಿಲ್ಲ. ಫೋಟೋ ತೆಗೆಯುವವರು ಗಂಡಸರು. ಹಾಗಾದರೆ ಅವರ ಫೋಟೋ ತೆಗೆಯುವವರು ಯಾರು? ಅದಕ್ಕೆ ದೀನ್ ದಯಾಳರು ಈ ದಾರಿ ಕಂಡುಕೊಂಡರು. ಸ್ಟುಡಿಯೋದ ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶ ಇಲ್ಲ. ಕ್ಯಾಮೆರಾ ಹಿಡಿಯುವವರೂ ಹೆಂಗಸು. ಅವರು ಮಿಸೆಸ್ ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಅವರಿಗೆ ನೆರವಾಗಲು ನಮ್ಮ ದೇಶದ ಹೆಂಗಸರೇ ಇದ್ದರು.

ಯೋಚಿಸಿ ನೋಡಿರಿ. ನೂರ ಮೂವತ್ತು ವರ್ಷದ ಹಿಂದೆ, ಹೈದರಾಬಾದಿನಲ್ಲಿ, ಹೆಂಗಸರು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದರು. ಹೆಂಗಸರಿಗೆ ಯಂತ್ರದ ಕೆಲಸ ಬರುವುದಿಲ್ಲ ಅನ್ನುವವರಿಗೆ ಇದನ್ನು ಹೇಳಬಹುದು.

ಯಾರ ಹೆಸರು ಬರೆದರು?

ಈ ಪಾಠ ಓದುವಾಗ ಕೇಂದ್ರದಲ್ಲಿ ಇನ್ನೊಂದು ಪ್ರಶ್ನೆ ಬಂತು. ಕಲ್ಲು ಹೊತ್ತು ಜೀವನ ಮಾಡಿದ ಅಕ್ಕ ಒಬ್ಬರು ಕೇಳಿದರು. "ರಾಜಂದೂ ಅದ, ರಾಣಿದೂ ಅದ. ಅರಮನಿ ಕಟ್ಟಿದವರ ಫೋಟೋ ಅದ ಏನ್ರಿ?"

ಇದು ಸರಿಯಾದ ಪ್ರಶ್ನೆ. ಆಗ ಫೋಟೋ ಬಹಳ ದುಬಾರಿ. ದುಡ್ಡು ಕೊಟ್ಟವರ ಫೋಟೋ ತೆಗೆಯುತ್ತಿದ್ದರು. ನಿಜಾಮರು, ನವಾಬರು, ಬ್ರಿಟಿಷ್ ಅಧಿಕಾರಿಗಳು, ಸಾಹುಕಾರರು. ಬಡವರ ಚಿತ್ರ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಬರಗಾಲ ಬಿದ್ದಾಗ ನಿಜಾಮರ ಸರ್ಕಾರ ಪರಿಹಾರದ ಕೆಲಸ ನಡೆಸಿತು. ಆ ಕೆಲಸದ ಚಿತ್ರಗಳನ್ನು ದೀನ್ ದಯಾಳರ ಸ್ಟುಡಿಯೋ ತೆಗೆಯಿತು. ಅದರಲ್ಲಿ ಹಸಿದ ಜನ ಸಾಲಾಗಿ ಇದ್ದಾರೆ. ಚಿತ್ರಕ್ಕೆ ಕೆಲಸದ ಹೆಸರು ಇದೆ, ಊರಿನ ಹೆಸರು ಇದೆ. ಆ ಜನರ ಹೆಸರು ಇಲ್ಲ.

ನವಾಬರ ಚಿತ್ರಕ್ಕೆ ಹೆಸರು ಬರೆದರು. ಇವರಿಗೆ ಬರೆಯಲಿಲ್ಲ. ಚಿತ್ರದಲ್ಲಿ ಮುಖ ಇದ್ದರೂ ಹೆಸರು ಹೋಯಿತು. ಹಾಗಾಗಿ ಫೋಟೋ ಒಂದೇ ಸಾಲದು. ಜೊತೆಗೆ ಅಕ್ಷರವೂ ಬೇಕು.

ಗಾಜು ಉಳಿಯಿತು

ದೀನ್ ದಯಾಳರು ಒಬ್ಬರೇ ಎಲ್ಲ ಕೆಲಸ ಮಾಡಲಿಲ್ಲ. ಮಕ್ಕಳು ಜೊತೆಗಿದ್ದರು. ಕೆಲಸಗಾರರು ಬಹಳ ಇದ್ದರು. ಸ್ಟುಡಿಯೋದಲ್ಲಿ ಒಂದು ಒಳ್ಳೆಯ ರೂಢಿ ಇತ್ತು. ಗಾಜಿನ ತಟ್ಟೆಗೆ ನಂಬರು ಕೊಡುತ್ತಿದ್ದರು. ಕಟ್ಟಡದ ಹೆಸರು ಬರೆಯುತ್ತಿದ್ದರು. ದಫ್ತರದಲ್ಲಿ ಲೆಕ್ಕ ಇಡುತ್ತಿದ್ದರು. ಪಿ.ಡಬ್ಲ್ಯೂ.ಡಿ.ಯಲ್ಲಿ ಅಂದಾಜು ಬರೆದ ಮನುಷ್ಯರಲ್ಲವೇ? ಲೆಕ್ಕ ಬಿಡಲಿಲ್ಲ.

1893ರಲ್ಲಿ ಅಮೆರಿಕದ ಶಿಕಾಗೋ ನಗರದ ದೊಡ್ಡ ಪ್ರದರ್ಶನಕ್ಕೆ ಅವರ ಚಿತ್ರಗಳು ಹೋದವು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅವರಿಂದಲೂ ಮಾನ್ಯತೆ ಸಿಕ್ಕಿತು. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡರು. ಮರು ವರ್ಷ, 1905ರ ಜುಲೈ 5ರಂದು ದೀನ್ ದಯಾಳರೂ ತೀರಿಕೊಂಡರು. ಆಗ ಅವರಿಗೆ ಅರವತ್ತೊಂದು ವರ್ಷ. ಇನ್ನೊಬ್ಬ ಮಗ ಜ್ಞಾನ್ ಚಂದ್ ಸ್ಟುಡಿಯೋ ನಡೆಸಿದರು.

ಗಾಜು ಒಡೆಯುವ ವಸ್ತು. ಆದರೂ ಬಹಳ ಗಾಜು ಉಳಿದವು. 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 2,857 ಗಾಜಿನ ತಟ್ಟೆಗಳನ್ನು ಕೊಂಡು ಕಾಪಾಡಿತು. 2006ರಲ್ಲಿ ಭಾರತದ ಅಂಚೆ ಇಲಾಖೆ ದೀನ್ ದಯಾಳರ ಅಂಚೆ ಚೀಟಿ ತಂದಿತು.

ಇಂದು ಆ ಗಾಜನ್ನು ಕೈಯಲ್ಲಿ ಹಿಡಿದವರಿಗೆ ಇದು ಯಾವ ಅರಮನೆ, ಇದು ಯಾವ ಬೀದಿ ಅಂತ ತಿಳಿಯುತ್ತದೆ. ಯಾಕೆ? ಯಾರೋ ಕೂತು ಬರೆದಿಟ್ಟಿದ್ದರು.

ನಮ್ಮ ಊರಿನ ಕಲ್ಲು

ನಮ್ಮ ಸೀಮೆಯಲ್ಲಿ ನೋಡುವಂಥ ಕಟ್ಟಡ ಏನು ಕಡಿಮೆಯೇ? ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳಿದ ಊರು. ಕಾಗಿಣಾ ನದಿಯ ದಂಡೆಗೆ ಕೋಟೆ ಇದೆ. ಹಳೆಯ ಜೈನ ಬಸದಿ ಇದೆ. ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಅಲ್ಲಿ ಸಾವಿರ ವರ್ಷದ ಹಿಂದೆ ದೊಡ್ಡ ವಿದ್ಯಾಕೇಂದ್ರ ಇತ್ತು. 1058ರ ಶಾಸನದಲ್ಲಿ ಅದರ ಮಾತು ಬರುತ್ತದೆ. ಪುಸ್ತಕ ಭಂಡಾರ ನೋಡಿಕೊಳ್ಳುವವರೂ ಅಲ್ಲಿ ಇದ್ದರು. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಬಿತ್ತು. ಆಗಲೇ ಅಶೋಕನ ಶಾಸನದ ಕಲ್ಲು ಅಲ್ಲಿ ಕಂಡಿತು.

ದೊಡ್ಡ ಕೋಟೆಯೇ ಆಗಬೇಕೆಂದಿಲ್ಲ. ಚಿಂಚೋಳಿ ಕಡೆಯ ಹಳ್ಳಿಯ ಮಾಳಿಗೆ ಮನೆ, ಶಹಾಬಾದಿನ ಪರ್ಸಿ ಹೊದಿಸಿದ ಮನೆ, ವಾಡಿಯ ರೈಲು ಸ್ಟೇಷನ್ನು, ಊರ ಮುಂದಿನ ಅಗಸಿ ಬಾಗಿಲು, ನೀರು ಸೇದಿದ ಬಾವಿ. ಇವೂ ನಮ್ಮ ಕಟ್ಟಡಗಳೇ. ಮಳೆಗೆ ಗೋಡೆ ಬೀಳುತ್ತದೆ. ಮಕ್ಕಳು ಹೊಸ ಮನೆ ಕಟ್ಟುತ್ತಾರೆ. ಅದು ತಪ್ಪಲ್ಲ. ಆದರೆ ಬೀಳುವ ಮುಂಚೆ ಒಂದು ಫೋಟೋ ತೆಗೆದಿಡಬಹುದು.

ಮನೆಯಲ್ಲಿ ಯಾರ ಹತ್ತಿರವಾದರೂ ಮೊಬೈಲ್ ಇದ್ದರೆ ಕೇಳಿಕೊಳ್ಳಿರಿ. ಮುಂಜಾನೆ ಹೋಗಿರಿ. ಮೊಬೈಲನ್ನು ಮೇಲಕ್ಕೆ ಕೆಳಕ್ಕೆ ಓರೆ ಮಾಡದೆ ನೆಟ್ಟಗೆ ಹಿಡಿಯಿರಿ. ಬಾಗಿಲ ಪಕ್ಕ ಅಳತೆಗೆ ಒಬ್ಬರನ್ನು ನಿಲ್ಲಿಸಿರಿ. ಆಮೇಲೆ ಮರೆಯದೆ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಊರು ಯಾವುದು, ಕಟ್ಟಡ ಯಾವುದು, ತಾರೀಖು ಎಷ್ಟು, ನಿಂತವರು ಯಾರು.

ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನೂ ಹೊರಗೆ ತೆಗೆಯಿರಿ. ಅತ್ತೆಯವರನ್ನು, ಅಜ್ಜಿಯನ್ನು ಕೂಡಿಸಿಕೊಂಡು ಕೇಳಿರಿ. "ಯವ್ವಾ, ಇವರು ಯಾರು? ಇದು ಯಾರ ಮನಿ?" ಅವರು ಇರುವಾಗಲೇ ಕೇಳಬೇಕು. ಅವರು ಹೋದ ಮೇಲೆ ಹೇಳುವವರು ಇರುವುದಿಲ್ಲ. ಅವರು ಹೇಳಿದ್ದನ್ನು ಫೋಟೋ ಹಿಂದೆ, ಅಂಚಿನಲ್ಲಿ, ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಒತ್ತಿ ಬರೆದರೆ ಮುಂದಿನ ಚಿತ್ರದ ಮೇಲೆ ಗೀರು ಏಳುತ್ತದೆ.

ಮೊದಲು ಈ ಕೆಲಸ ನಮ್ಮಿಂದ ಆಗುತ್ತಿರಲಿಲ್ಲ. ಹೆಸರು ಗೊತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಈಗ ಬರುತ್ತದೆ. ನಮ್ಮವರ ಹೆಸರನ್ನು ನಾವೇ ಬರೆಯೋಣ.

ಹೊಸ ಪದಗಳು

ಸ್ಮಾರಕ – ಹಿಂದಿನ ಕಾಲವನ್ನು ನೆನಪಿಗೆ ತರುವ ಕಟ್ಟಡ
ಅಂದಾಜು – ಮುಂಚೆಯೇ ಹಾಕುವ ಲೆಕ್ಕ
ಜನಾನಾ – ಹೆಂಗಸರಿಗಾಗಿ ಇರುವ ಜಾಗ
ದಫ್ತರ – ಲೆಕ್ಕ ಬರೆದಿಡುವ ಪುಸ್ತಕ
ಶಾಸನ – ಕಲ್ಲಿನ ಮೇಲೆ ಕೊರೆದ ಬರಹ

ಪ್ರಶ್ನೆಗಳು

1. ದೀನ್ ದಯಾಳರು ಯಾವ ಇಸವಿಯಲ್ಲಿ ಕ್ಯಾಮೆರಾ ಹಿಡಿದರು? ಆಗ ಅವರ ವಯಸ್ಸು ಎಷ್ಟು?
2. ನಕ್ಷೆ ಬರೆಯುವ ಕೆಲಸ ಫೋಟೋ ತೆಗೆಯಲು ಹೇಗೆ ಸಹಾಯ ಮಾಡಿತು?
3. ಕಟ್ಟಡದ ಚಿತ್ರ ತೆಗೆಯುವಾಗ ನೆನಪಿಡಬೇಕಾದ ಮೂರು ಮಾತು ಯಾವುವು?
4. ಜನಾನಾ ಸ್ಟುಡಿಯೋ ಯಾಕೆ ಬೇಕಾಯಿತು?

ಗುಂಪಿನಲ್ಲಿ ಮಾತಾಡಿರಿ

ನಿಮ್ಮ ಊರಿನಲ್ಲಿ ಮೊದಲು ಇದ್ದು, ಈಗ ಇಲ್ಲದ ಕಟ್ಟಡ ಯಾವುದು? ಅದು ಹೇಗಿತ್ತು? ಅದನ್ನು ಕಟ್ಟಿದವರು ಯಾರು?

ಮಾಡಿ ನೋಡಿರಿ

ಮನೆಯ ಒಂದು ಹಳೆಯ ಫೋಟೋ ಕೇಂದ್ರಕ್ಕೆ ತನ್ನಿರಿ. ಅದರಲ್ಲಿ ಇರುವವರ ಹೆಸರು, ಊರು, ಇಸವಿ ಬರೆಯಿರಿ. ಇಸವಿ ನೆನಪಿಲ್ಲದಿದ್ದರೆ ಹೀಗೆ ಬರೆಯಬಹುದು: "ದೊಡ್ಡ ಮಗ ಹುಟ್ಟಿದ ವರ್ಷ", "ಬಾವಿ ತೋಡಿದ ವರ್ಷ". ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿರಿ.